ಮೈ ದುಡಿಯುವಾಗ ಮನಸ್ಸು ಎಲ್ಲಿರುತ್ತದೆ?

ಟ್ರೆಡ್‌ಮಿಲ್ ಮೇಲೆ ಓಡುವಾಗ ಎದುರಿನ ಪರದೆಗೆ ಟವೆಲ್ ಹೊದಿಸಿ ಸಮಯ ಕಾಣದಂತೆ ಮಾಡಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ನಾನೂ ಹಾಗೇ ಮಾಡುತ್ತೇನೆ. ಸಾಕಷ್ಟು ಹೊತ್ತು ಓಡಿದ್ದಾಯಿತು ಅನ್ನಿಸಿ ಟವೆಲಿನ ಅಂಚು ಎತ್ತಿ ನೋಡಿದರೆ ಐದು ನಿಮಿಷವೂ ಕಳೆದಿರುವುದಿಲ್ಲ. ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಇದರ ತದ್ವಿರುದ್ಧ. ಮುಂದಿನ ಸರದಿಯವರು ರ‍್ಯಾಕೆಟ್ ಹಿಡಿದು ಗೆರೆಯಾಚೆ ಬಂದು ನಿಂತಾಗಲೇ ಒಂದು ಗಂಟೆ ಮುಗಿದದ್ದು ತಿಳಿಯುವುದು. ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ಕೈಗೆ ಕಟ್ಟಿದ ವಾಚು ತೋರಿಸುವ ಎದೆಬಡಿತವೂ ಟ್ರೆಡ್‌ಮಿಲ್‌ಗಿಂತ ಒಂದು ಕೈ ಹೆಚ್ಚೇ. ಮೈಗೆ ಬಿದ್ದ ಕೆಲಸ ಜಾಸ್ತಿ, ಮನಸ್ಸಿಗಾದ ಬೇಸರ ಸೊನ್ನೆ. ಇದು ಹೇಗೆ ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನನ್ನು ಬಿಟ್ಟಿಲ್ಲ.

ಎಲ್ಲರೂ ಕೊಡುವ ಉತ್ತರ ಒಂದಿದೆ: ಮನಸ್ಸು ಗಟ್ಟಿ ಮಾಡಬೇಕು, ಶಿಸ್ತು ಬೇಕು, ಮೊದಮೊದಲು ಬೇಜಾರಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ವ್ಯಾಯಾಮ ಬಿಟ್ಟವರನ್ನು ನಾವು ಸೋಮಾರಿಗಳ ಪಟ್ಟಿಗೆ ಸೇರಿಸುವುದು ಈ ಉತ್ತರವನ್ನು ನಂಬಿಯೇ. ನಾನು ಇದನ್ನು ಒಪ್ಪುವುದಿಲ್ಲ. ಒಂದೇ ಮನುಷ್ಯ, ಅದೇ ಮನೋಬಲ ಹೊತ್ತು, ಒಂದು ಕಡೆ ಐದು ನಿಮಿಷಕ್ಕೆ ಕಂಗಾಲಾಗಿ ಇನ್ನೊಂದು ಕಡೆ ಗಂಟೆಗಟ್ಟಲೆ ಕುಣಿದಾಡಬಲ್ಲನೆಂದರೆ ಕೊರತೆ ಇರುವುದು ಮನುಷ್ಯನಲ್ಲಲ್ಲ. ಪ್ರತಿಯೊಂದು ವ್ಯಾಯಾಮವೂ ನಮ್ಮ ಗಮನವನ್ನು ಒಂದೊಂದು ರೀತಿ ನಡೆಸಿಕೊಳ್ಳುತ್ತದೆ. ಕೆಲವು ಅದನ್ನು ಪೂರ್ತಿಯಾಗಿ ಕೆಲಸಕ್ಕೆ ಹಚ್ಚುತ್ತವೆ. ಕೆಲವು ಅದನ್ನು ಅದರ ಪಾಡಿಗೆ ಹೋಗಗೊಡುತ್ತವೆ. ಇನ್ನು ಕೆಲವು ಅದನ್ನು ಹಿಡಿದು ಕೂರಿಸಿಕೊಂಡು ಕೆಲಸವನ್ನೇ ಕೊಡುವುದಿಲ್ಲ. ನನ್ನ ಅನುಭವದಲ್ಲಿ ಬೇಜಾರು ಹುಟ್ಟುವುದು ಈ ಕೊನೆಯ ಜಾಗದಲ್ಲಿ.

ಹಿಡಿದಿಟ್ಟ ಗಮನ, ಇಲ್ಲದ ಕೆಲಸ

ಟ್ರೆಡ್‌ಮಿಲ್‌ನ ಪೂರ್ವಜ ಹುಟ್ಟಿದ್ದು ಸೆರೆಮನೆಯಲ್ಲಿ. 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳಿಗಾಗಿ ಒಂದು ದೊಡ್ಡ ಚಕ್ರ ರೂಪಿಸಿದ. ಕೈದಿಗಳು ಸಾಲಾಗಿ ನಿಂತು ಅದರ ಮೆಟ್ಟಿಲುಗಳನ್ನು ತುಳಿಯುತ್ತಾ ಹೋಗಬೇಕು. ಎಷ್ಟು ಹತ್ತಿದರೂ ಅಲ್ಲೇ ಇರುತ್ತಾರೆ. ಕೆಲವು ಕಡೆ ಆ ಚಕ್ರ ಧಾನ್ಯ ಬೀಸುತ್ತಿತ್ತು ಅಥವಾ ನೀರೆತ್ತುತ್ತಿತ್ತು, ಇನ್ನು ಕೆಲವು ಕಡೆ ಏನನ್ನೂ ಮಾಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಇದನ್ನು ನಿಲ್ಲಿಸಲು ಕಾನೂನು ಬಂದದ್ದು 1898ರಲ್ಲಿ. ಈ ಚಕ್ರದ ಬಗ್ಗೆ 1824ರಲ್ಲಿ ನ್ಯೂಯಾರ್ಕಿನ ಸೆರೆಮನೆಯೊಂದರಲ್ಲಿ ಕೆಲಸಮಾಡುತ್ತಿದ್ದ ಜೇಮ್ಸ್ ಹಾರ್ಡಿ ಬರೆದ ಮಾತು ನನಗೆ ತುಂಬಾ ನಿಜ ಅನ್ನಿಸುತ್ತದೆ: ಇದರ ಭಯಂಕರತೆ ಇರುವುದು ದುಡಿಮೆಯ ಕಠೋರತೆಯಲ್ಲಲ್ಲ, ಅದರ ಏಕತಾನತೆಯಲ್ಲಿ. ಶಿಕ್ಷೆ ಕೊಡಲೆಂದೇ ಯೋಚಿಸಿದವರಿಗೆ ಮನಸ್ಸಿನ ಈ ಗುಟ್ಟು ಇನ್ನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ಆರೋಗ್ಯಕ್ಕಾಗಿ ವ್ಯಾಯಾಮ ಹೇಳಿಕೊಡುವವರು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಶಾಲೆಯ ಮೈದಾನದಲ್ಲಿ ತಡವಾಗಿ ಬಂದ ಮಗುವಿಗೆ ‘ಹತ್ತು ರೌಂಡ್ ಓಡು’ ಎಂದು ಶಿಕ್ಷೆ ಕೊಡುವವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ಮಗು ಮುಂದೆ ಬದುಕಿಡೀ ಓಟವನ್ನು ಪ್ರೀತಿಸದಿರುವಂತೆ ಮಾಡಲು ಇದಕ್ಕಿಂತ ಪಕ್ಕಾ ದಾರಿ ಇನ್ನೊಂದಿಲ್ಲ.

ಆದರೆ ತಪ್ಪೆಲ್ಲ ಯಂತ್ರದ್ದೇ ಎನ್ನುವಂತೆಯೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಮರಿಲಿ ಒಪ್ಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೂತು ಯೋಚಿಸುವಾಗ ಹೊಳೆಯುವುದಕ್ಕಿಂತ ಹೆಚ್ಚು ಹೊಸ ಆಲೋಚನೆಗಳು ನಡೆಯುವಾಗ ಹೊಳೆಯುತ್ತವೆ ಎಂದು ಕಂಡುಬಂತು. ಸರಾಸರಿ ಶೇಕಡಾ 60ರಷ್ಟು ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಶೇಕಡಾವಾರು ಅಲ್ಲ. ಅವರು ಕೆಲವರನ್ನು ಬೋಳು ಗೋಡೆಗೆ ಮುಖ ಮಾಡಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದ್ದರು. ಅಲ್ಲೂ ಆಲೋಚನೆಗಳು ಚಿಗುರಿದವು! ಹಾಗಿದ್ದರೆ ಗಿಡಮರ, ಗಾಳಿ, ನೋಟ ಇವೆಲ್ಲ ಚೆಂದ ನಿಜ, ಅನಿವಾರ್ಯವಲ್ಲ. ತಮಗೆ ಹಿತವೆನಿಸಿದ ವೇಗದಲ್ಲಿ ನಡೆಯುವಾಗ ಕಾಲಿಗೆ ಮನಸ್ಸಿನ ಸಹಾಯ ಬೇಕಿಲ್ಲ. ಮನಸ್ಸು ತನ್ನ ಪಾಡಿಗೆ ತಾನು ಎಲ್ಲೆಲ್ಲೋ ಹೋಗಿ ಏನೇನೋ ಹೊತ್ತು ತರುತ್ತದೆ.

ಅದೇ ಯಂತ್ರದ ವೇಗ ಏರಿಸಿ ನೋಡಿ. ಎರಡು ಮಾತಾಡಲೂ ಉಸಿರು ಸಾಲದ ಹಂತ ಬರುತ್ತಿದ್ದಂತೆ ಮೈ ಕೂಗಿ ಕರೆಯಲು ಶುರುಮಾಡುತ್ತದೆ. ತೊಡೆ, ಪಕ್ಕೆ, ಗಂಟಲು ಎಲ್ಲವೂ ಒಟ್ಟಿಗೆ. ಅಲೆಯಲು ಹೋದ ಮನಸ್ಸು ಆ ಕೂಗಿಗೆ ಓಡಿ ಬರಲೇಬೇಕು. ವ್ಯಾಯಾಮ ಮತ್ತು ಸುಖಭಾವದ ಸಂಬಂಧವನ್ನೇ ಬಹುಕಾಲ ಅಧ್ಯಯನ ಮಾಡಿದ ಪ್ಯಾಂಟೆಲೀಮನ್ ಎಕ್ಕೆಕಾಕಿಸ್ ಹೇಳುವುದು ಹೀಗೆ: ಈ ಹಂತದ ಕೆಳಗೆ ಹೆಚ್ಚಿನವರಿಗೆ ಹಿತವೆನಿಸುತ್ತದೆ, ಇದರ ಹತ್ತಿರ ಬಂದಾಗ ಒಬ್ಬೊಬ್ಬರಿಗೆ ಒಂದೊಂದು ಥರ, ದಾಟಿದ ಮೇಲೆ ಬಹುಪಾಲು ಎಲ್ಲರಿಗೂ ಹಿತ ಇಳಿಮುಖ. ಈಗ ನನ್ನ ಟವೆಲಿನ ಕಥೆಗೆ ಅರ್ಥ ಸಿಗುತ್ತದೆ. ನಾನು ಓಡುವ ವೇಗ ಮನಸ್ಸು ಅಲೆಯಲು ಬಿಡದಷ್ಟು ಜೋರು. ಆದರೆ ಓಡಿ ಬಂದ ಮನಸ್ಸಿಗೆ ಅಲ್ಲಿ ಮಾಡಲು ಏನೂ ಇಲ್ಲ. ತಿರುವಿಲ್ಲ, ಏರಿಳಿತವಿಲ್ಲ, ತೀರ್ಮಾನಿಸಬೇಕಾದದ್ದೊಂದೂ ಇಲ್ಲ. ಸರದಿ ಸಾಲಿನಲ್ಲಿ ನಿಂತವನ ಹಾಗೆ ಗಡಿಯಾರ ನೋಡುವುದೊಂದೇ ಅದಕ್ಕೆ ಉಳಿದದ್ದು.

ಇಯರ್‌ಫೋನ್ ಹಾಕಿಕೊಂಡರೆ ಸರಿಹೋಗುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಸಂಗೀತ ಮತ್ತು ವ್ಯಾಯಾಮದ ಬಗ್ಗೆ ಕೋಸ್ಟಾಸ್ ಕರಾಗಿಯೋರ್ಗಿಸ್ ಮತ್ತು ಅವರಂಥವರು ದಶಕಗಳ ಕಾಲ ಮಾಡಿದ ಕೆಲಸದಿಂದ ಗೊತ್ತಾದದ್ದು, ಹದವಾದ ಶ್ರಮದಲ್ಲಿ ಹಾಡು ಆಯಾಸದ ಅನುಭವವನ್ನು ತಗ್ಗಿಸುತ್ತದೆ, ಶ್ರಮ ತೀವ್ರವಾದಾಗ ಮೈಯ ಕೂಗಿನ ಮುಂದೆ ಅದರ ಆಟ ನಡೆಯುವುದಿಲ್ಲ ಎಂದು. ಹಾಡನ್ನು ಬೇರೆ ರೀತಿಯಲ್ಲಿ ಬಳಸಿದವರೂ ಇದ್ದಾರೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಒಳಾಂಗಣ 2000 ಮೀಟರ್ ವಿಶ್ವದಾಖಲೆ ಮುರಿದಾಗ, ಅವರಿಗಿಷ್ಟವಾದ ಹಾಡೊಂದನ್ನು ಕ್ರೀಡಾಂಗಣದಲ್ಲಿ ಹಾಕಲಾಗಿತ್ತು. ಆ ಹಾಡಿನ ಲಯ ಅವರ ಹೆಜ್ಜೆಗೆ ಹೊಂದುತ್ತಿತ್ತು. ಅಲ್ಲಿ ಹಾಡು ಓಟವನ್ನು ಮರೆಸಲು ಇರಲಿಲ್ಲ, ಓಟದೊಳಗೇ ಇತ್ತು. ನಮ್ಮಲ್ಲಿ ಹೆಚ್ಚಿನವರು ಹಾಡು ಹಾಕುವುದು ಮಾಡುತ್ತಿರುವುದನ್ನು ಮರೆಯಲು. ಮರೆಯಬೇಕಾದಂಥ ಕೆಲಸವನ್ನು ದಿನಾ ಮಾಡಿ ಎಂದರೆ ಎಷ್ಟು ದಿನ ಮಾಡಿಯಾರು?

ಆ ಸಂಜೆಯ ಆಟ

ನನಗೆ ಮರೆಯಲಾಗದ ಒಂದು ಸಂಜೆಯಿದೆ. ಅಂದು ಕೆಲಸದಲ್ಲಿ ಒಬ್ಬರ ಜೊತೆ ಬಿರುಸಾದ ಮಾತುಕತೆ ನಡೆದಿತ್ತು. ಅವರು ಅಂದದ್ದು, ನಾನು ಅಂದದ್ದು, ಅನ್ನಬೇಕಿದ್ದದ್ದು ಎಲ್ಲವೂ ತಲೆಯೊಳಗೆ ಗಿರಗಿರನೆ ಸುತ್ತುತ್ತಿದ್ದವು. ಕೋರ್ಟಿಗೆ ಹೋಗುವ ದಾರಿಯುದ್ದಕ್ಕೂ ಅದೇ. ಶೂ ಲೇಸು ಕಟ್ಟುವಾಗಲೂ ಅದೇ. ಎದುರಿಗೆ ಸಿಕ್ಕವರು ನನಗಿಂತ ತುಂಬಾ ಹಿರಿಯರು. ವಯಸ್ಸು ಅರವತ್ತು ದಾಟಿದೆ, ಓಡುವುದು ಕಡಿಮೆ, ಜಿಗಿಯುವುದು ಇಲ್ಲವೇ ಇಲ್ಲ. ಕೋರ್ಟಿನ ನಡುವೆ ಎರಡು ಹೆಜ್ಜೆಯ ಜಾಗದಲ್ಲಿ ನಿಂತು ಇಡೀ ಅಂಗಳ ಆಳುವ ಬಗೆಯ ಆಟಗಾರರು. ಮೊದಲ ರ‍್ಯಾಲಿಯಲ್ಲೇ ನನ್ನನ್ನು ಹಿಂದಿನ ಎಡಮೂಲೆಗೆ ಅಟ್ಟಿ, ಅಲ್ಲಿಂದ ಬ್ಯಾಕ್‌ಹ್ಯಾಂಡಿನಲ್ಲಿ ಹೇಗೋ ಹಿಂದಿರುಗಿಸಿದ್ದನ್ನು ನೆಟ್ಟಿನ ಬಲತುದಿಗೆ ಮೆಲ್ಲನೆ ಬಿಟ್ಟರು. ನಾನು ಓಡಿ ಬಂದು ಎತ್ತಿದೆ. ಮತ್ತೆ ಹಿಂದಿನ ಮೂಲೆ. ಮತ್ತೆ ಮುಂದೆ. ನಾಲ್ಕಾರು ಪಾಯಿಂಟ್ ಹೋದ ಮೇಲೆ ನಾನು ಶಟಲನ್ನು ನೋಡುವುದು ಬಿಟ್ಟು ಅವರ ಭುಜವನ್ನು ನೋಡತೊಡಗಿದೆ. ಶಟಲನ್ನು ನೆಟ್ಟಿನ ಬಳಿ ಮೆಲ್ಲನೆ ಬೀಳಿಸುವ ಡ್ರಾಪ್ ಹಾಕುವ ಮೊದಲು ಅವರ ಮೊಣಕೈ ಕೂದಲೆಳೆಯಷ್ಟು ತಡೆಯುತ್ತಿತ್ತು. ಅದು ಕಂಡದ್ದೇ ತಡ, ಆಟ ಬೇರೆಯೇ ಆಯಿತು. ಇನ್ನು ನಾನು ಅರ್ಧ ಹೆಜ್ಜೆ ಮೊದಲೇ ಹೊರಡುತ್ತಿದ್ದೆ. ಅದನ್ನು ಅವರು ಎರಡೇ ಪಾಯಿಂಟಿನಲ್ಲಿ ಹಿಡಿದುಬಿಟ್ಟರು. ಮೊಣಕೈಯನ್ನು ಬೇಕೆಂದೇ ತಡೆದು ಶಟಲನ್ನು ನನ್ನ ತಲೆಯ ಮೇಲಿಂದ ಹಾಯಿಸಿ ನಕ್ಕರು. ಆ ನಗುವಿನಲ್ಲಿ ಅಪಾರ ಸಂತೋಷವಿತ್ತು. ನನಗೂ ಅಷ್ಟೇ ಸಂತೋಷವಾಯಿತು. ಆಟ ಮುಗಿದು ನೀರು ಕುಡಿಯುವಾಗ ನೆನಪಾಯಿತು, ಬೆಳಗಿನ ಜಗಳ ಒಂದು ಗಂಟೆಯಿಂದ ತಲೆಯಲ್ಲಿ ಇಲ್ಲ ಎಂದು.

ಜಗಳವನ್ನು ನಾನು ಮರೆಯಲು ಯತ್ನಿಸಿರಲಿಲ್ಲ. ಅದಕ್ಕೆ ಜಾಗವೇ ಇರಲಿಲ್ಲ. ಪ್ರತಿ ಶಟಲೂ ಒಂದು ಪ್ರಶ್ನೆ, ಉತ್ತರ ಕೊಡಲು ಅರೆಕ್ಷಣ, ಉತ್ತರ ಸರಿಯೋ ತಪ್ಪೋ ಎಂಬುದು ಮರುಕ್ಷಣವೇ ಗೊತ್ತಾಗುತ್ತದೆ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ನೃತ್ಯಗಾರರು, ಶಸ್ತ್ರವೈದ್ಯರು ಮುಂತಾದವರನ್ನು ಮಾತಾಡಿಸಿ ಗುರುತಿಸಿದ ತನ್ಮಯತೆಗೆ ಬೇಕಾದದ್ದೂ ಇವೇ: ಸ್ಪಷ್ಟ ಗುರಿ, ತಕ್ಷಣದ ಪ್ರತಿಕ್ರಿಯೆ, ನಮ್ಮ ಕೌಶಲಕ್ಕೆ ಸರಿಸಾಟಿಯಾದ ಸವಾಲು. ಮೂರನೆಯದು ಎಷ್ಟು ಮುಖ್ಯ ಎಂಬುದು ಆಡುವವರಿಗೆ ಚೆನ್ನಾಗಿ ಗೊತ್ತು. ಎದುರಾಳಿ ತೀರಾ ಹೊಸಬರಾದರೆ ಮನಸ್ಸು ನಿಧಾನವಾಗಿ ಬೇರೆಡೆ ಜಾರುತ್ತದೆ. ತೀರಾ ಬಲಿಷ್ಠರಾದರೆ ಯಾವಾಗ ಮುಗಿಯುತ್ತದೋ ಎಂದು ಕಾಯುವಂತಾಗುತ್ತದೆ. ನಡುವಿನ ಆ ಕಿರಿದಾದ ಪಟ್ಟಿ ಸಿಕ್ಕ ದಿನ ಹಬ್ಬ.

ಕೋಪನ್‌ಹೇಗನ್ನಿನಲ್ಲಿ ಸಾವಿರಾರು ಜನರನ್ನು ಸುಮಾರು 25 ವರ್ಷ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯಸ್ಸು 9.7 ವರ್ಷ ಹೆಚ್ಚು, ಬ್ಯಾಡ್ಮಿಂಟನ್ನಿನವರದು 6.2, ಜಾಗಿಂಗ್ ಮಾಡುವವರದು 3.2, ಹೆಲ್ತ್ ಕ್ಲಬ್ಬಿಗೆ ಹೋಗುವವರದು 1.5 ವರ್ಷ ಹೆಚ್ಚು ಎಂದು ಅಂದಾಜಾಗಿತ್ತು. ರ‍್ಯಾಕೆಟ್ ಹಿಡಿದರೆ ಆಯಸ್ಸು ಬೆಳೆಯುತ್ತದೆ ಎಂದು ಇದರಿಂದ ಹೇಳಲಾಗದು. ಟೆನಿಸ್ ಆಡುವವರು ಬೇರೆ ರೀತಿಯಲ್ಲೂ ಅನುಕೂಲಸ್ಥರಿರಬಹುದು. ಇದು ಜನರನ್ನು ಗಮನಿಸಿ ಬರೆದ ಲೆಕ್ಕವೇ ಹೊರತು ಪ್ರಯೋಗವಲ್ಲ. ಆದರೂ ಆ ಪಟ್ಟಿಯ ಮೇಲಿನ ಸಾಲುಗಳಲ್ಲಿರುವುದು ಎದುರಿಗೆ ಇನ್ನೊಬ್ಬರು ಬೇಕಾದ ಆಟಗಳು ಎಂಬುದು ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಮಳೆ ಬಂದರೂ ಕೋರ್ಟಿಗೆ ಹೊರಡುವುದು ಅಲ್ಲಿ ಯಾರೋ ಕಾಯುತ್ತಿರುತ್ತಾರೆಂದು. ಆ ಹಿರಿಯರ ಮೊಣಕೈಯ ಹೊಸ ಮೋಸ ಏನೆಂದು ತಿಳಿಯುವ ಕುತೂಹಲವೂ ಇರುತ್ತದೆ.

ಮುಷ್ಟಿ ಬಿಗಿದು ಈಜುವುದು

ಇಲ್ಲಿಗೆ ನಿಲ್ಲಿಸಿದರೆ ಆಟ ಮೇಲು, ಉಳಿದದ್ದೆಲ್ಲ ಕೀಳು ಎಂದಂತಾಗುತ್ತದೆ. ನಾನು ಹಾಗೆ ಅಂದುಕೊಳ್ಳದಂತೆ ಮಾಡಿದ್ದು ಈಜು. ಹೊರಗಿನಿಂದ ನೋಡಿದರೆ ಈಜಿನಷ್ಟು ಏಕತಾನದ ವ್ಯಾಯಾಮ ಇನ್ನೊಂದಿರಲಾರದು. ಕೆಳಗೆ ಒಂದು ಕಪ್ಪು ಗೆರೆ, ಅತ್ತ ಒಂದು ಗೋಡೆ, ಇತ್ತ ಒಂದು ಗೋಡೆ. 50 ಮೀಟರ್ ಕೊಳದಲ್ಲಿ 1500 ಮೀಟರ್ ಈಜಬೇಕೆಂದರೆ ಆ ಗೆರೆಯನ್ನು 30 ಸಲ ನೋಡಬೇಕು. ಹಾಡಿಲ್ಲ, ಮಾತಿಲ್ಲ, ಎದುರಾಳಿಯಿಲ್ಲ.

ಹೇಳಿಕೊಡುತ್ತಿದ್ದವರು ಒಂದು ದಿನ ಎರಡೂ ಕೈ ಮುಷ್ಟಿ ಬಿಗಿದು ಫ್ರೀಸ್ಟೈಲ್ ಈಜಲು ಹೇಳಿದರು. ಈಜು ಕಲಿಸುವ ಎಷ್ಟೋ ಕಡೆ ಮಾಡಿಸುವ ಅಭ್ಯಾಸವಿದು. ಅಂಗೈ ಇಲ್ಲದೆ ನೀರು ಹಿಡಿತಕ್ಕೇ ಸಿಗುವುದಿಲ್ಲ. ಎಳೆದಷ್ಟೂ ಕೈ ಸುಮ್ಮನೆ ಜಾರಿಹೋಗುತ್ತದೆ, ದೇಹ ಮುಂದೆ ಹೋಗುವುದೇ ಇಲ್ಲ. ಒಂದಷ್ಟು ದೂರ ಹೋದ ಮೇಲೆ ತನ್ನಿಂತಾನೇ ಮೊಣಕೈ ಮೇಲೆ ನಿಂತು ಮುಂಗೈಯ ಒಳಬದಿ ನೀರಿಗೆ ಆನಿಕೊಳ್ಳಲು ಕಲಿಯಿತು. ಅಂಗೈ ಇಲ್ಲದಿದ್ದರೇನು, ಮುಂಗೈಯೇ ಹುಟ್ಟಾಯಿತು. ಆಮೇಲೆ ಅವರು ‘ಈಗ ಬಿಡಿಸಿ’ ಎಂದರು. ಮುಷ್ಟಿ ಬಿಚ್ಚಿ ಮೊದಲ ಸಲ ಎಳೆದಾಗ ಅಂಗೈಗೆ ಸಿಕ್ಕ ನೀರಿನ ತೂಕವನ್ನು ಹೇಗೆ ಹೇಳಲಿ! ಅದು ಅಲ್ಲಿಯವರೆಗೆ ನಾನು ಈಜಿದ ನೀರೇ ಅಲ್ಲ. ದಪ್ಪವಾಗಿ, ಹಿಡಿಯಬಹುದಾದಂತೆ, ಒತ್ತಿದರೆ ತಿರುಗಿ ಒತ್ತುವಂತೆ ಇತ್ತು. ಅಂದಿನಿಂದ ಆ ಕಪ್ಪು ಗೆರೆಯ ಮೇಲಿನ ಒಂದೊಂದು ಲ್ಯಾಪೂ ಬೇರೆ ಬೇರೆ. ಬಲಗೈ ನೀರು ಹಿಡಿದಷ್ಟು ಎಡಗೈ ಯಾಕೆ ಹಿಡಿಯುತ್ತಿಲ್ಲ? ಉಸಿರಿಗೆ ತಲೆ ತಿರುಗಿಸುವಾಗ ಸೊಂಟ ಮುಳುಗುತ್ತಿದೆಯೇ? ಎಲ್ಲವೂ ಸರಿಯಾಗಿ ಕೂಡಿಬಂದ ಹತ್ತು ಹನ್ನೆರಡು ಸ್ಟ್ರೋಕುಗಳಲ್ಲಿ ಸಿಗುವ ಜಾರುವಿಕೆಯ ಸುಖವನ್ನು ಹುಡುಕಿಕೊಂಡೇ ಉಳಿದ ಲ್ಯಾಪುಗಳನ್ನು ಈಜುತ್ತೇನೆ.

ಹೊರಗಿನವರಿಗೆ ಏಕತಾನ ಅನ್ನಿಸುವುದು ಒಳಗಿರುವವರಿಗೆ ಹಾಗಿರಬೇಕಿಲ್ಲ. ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ 1977ರಲ್ಲಿ ಮ್ಯಾರಥಾನ್ ಓಟಗಾರರ ಬಗ್ಗೆ ಪ್ರಕಟಿಸಿದ್ದರಲ್ಲೂ ಇದೇ ಸಂಗತಿ ಇದೆ. ಸಾಮಾನ್ಯ ಓಟಗಾರರು ನೋವನ್ನು ಮರೆಯಲು ಬೇರೇನಾದರೂ ಯೋಚಿಸುತ್ತಿದ್ದರೆ, ಅತ್ಯುತ್ತಮ ಓಟಗಾರರು ತಮ್ಮ ಉಸಿರು, ಕಾಲು, ವೇಗ ಇವುಗಳ ಮೇಲೆಯೇ ಗಮನ ಇಟ್ಟಿರುತ್ತಿದ್ದರು. ಮೈಯ ಕೂಗು ಅವರಿಗೂ ಕೇಳುತ್ತದೆ. ಆದರೆ ಅವರಿಗೆ ಆ ಕೂಗಿನಲ್ಲಿ ಓದಲು ವಿಷಯವಿದೆ. ಹಾಗಾಗಿ ಗಮನಕ್ಕೆ ಕೆಲಸ ಕೊಡುವುದು ವ್ಯಾಯಾಮವೊಂದೇ ಅಲ್ಲ, ಅದರ ಬಗ್ಗೆ ನಮಗಿರುವ ತಿಳಿವಳಿಕೆಯೂ ಕೊಡುತ್ತದೆ. ಯಾರಾದರೂ ಸೂಕ್ಷ್ಮವಾಗಿ ನೋಡಲು ಕಲಿಸಿದರೆ ನೀರಸ ಅನ್ನಿಸಿದ್ದೂ ತುಂಬಿಕೊಳ್ಳುತ್ತದೆ. ಭಾರ ಎತ್ತುವವರು ಸೆಟ್ಟಿನಿಂದ ಸೆಟ್ಟಿಗೆ ಫಾರ್ಮ್ ಬಗ್ಗೆ, ಅಂದರೆ ಎತ್ತುವಾಗಿನ ಮೈಯ ಭಂಗಿಯ ಬಗ್ಗೆ, ಗಂಟೆಗಟ್ಟಲೆ ಮಾತಾಡುವುದೂ ಇದೇ ಕಾರಣಕ್ಕೆ. ಬೆನ್ನಮೇಲೆ ಭಾರದ ಬಾರ್ ಇಟ್ಟುಕೊಂಡು ಸ್ಕ್ವಾಟ್‌ಗೆ ಇಳಿಯುವ ಆ ಕೆಲವು ಸೆಕೆಂಡುಗಳಲ್ಲಿ ಬೇರೆ ಯೋಚನೆ ಬರಲು ಸಾಧ್ಯವೇ ಇಲ್ಲ. ಸೆಟ್ಟುಗಳ ನಡುವಿನ ಬಿಡುವಿನಲ್ಲಿ ಫೋನು ತೆಗೆದರೆ ಮಾತ್ರ ಆ ಏಕಾಗ್ರತೆ ಚೂರುಚೂರಾಗುತ್ತದೆ.

ದಣಿದ ಮನಸ್ಸು, ಕುದಿಯುವ ಮನಸ್ಸು

ನನ್ನ ಮಟ್ಟಿಗೆ ಈಗ ಮುಖ್ಯವಾಗಿರುವುದು ಯಾವ ವ್ಯಾಯಾಮ ಒಳ್ಳೆಯದು ಎಂಬುದಲ್ಲ, ಈ ಹೊತ್ತಿನ ಮನಸ್ಸಿಗೆ ಯಾವುದು ಹೊಂದುತ್ತದೆ ಎಂಬುದು. ಇದರಲ್ಲಿ ಒಂದು ವ್ಯತ್ಯಾಸ ಗುರುತಿಸಲು ನನಗೆ ಬಹಳ ಕಾಲ ಹಿಡಿಯಿತು. ದಣಿದ ಮನಸ್ಸು ಬೇರೆ, ಕುದಿಯುವ ಮನಸ್ಸು ಬೇರೆ. ಎರಡರಲ್ಲೂ ‘ಇವತ್ತು ತಲೆ ಕೆಟ್ಟಿದೆ’ ಎಂದೇ ಹೇಳುತ್ತೇವೆ.

ದಣಿದ ಮನಸ್ಸಿನ ಬಗ್ಗೆ ಸ್ಯಾಮ್ಯುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಕಣ್ಣು ತೆರೆಸುವಂಥದ್ದು. 16 ಜನರಿಗೆ ಒಂದು ದಿನ 90 ನಿಮಿಷ ಏಕಾಗ್ರತೆ ಬೇಡುವ ಕಂಪ್ಯೂಟರ್ ಕೆಲಸ ಕೊಟ್ಟರು, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಆಮೇಲೆ ಎರಡೂ ದಿನ ಕೈಲಾಗುವವರೆಗೆ ಸೈಕಲ್ ತುಳಿಸಿದರು. ತಲೆ ದಣಿದ ದಿನ ಅವರು ಸುಮಾರು ಶೇಕಡಾ 15ರಷ್ಟು ಬೇಗ ನಿಲ್ಲಿಸಿದರು. ಹೃದಯ, ಸ್ನಾಯುಗಳ ಕೆಲಸದಲ್ಲಿ ಇದನ್ನು ವಿವರಿಸುವಂಥ ವ್ಯತ್ಯಾಸ ಸಿಗಲಿಲ್ಲ. ಅದೇ ತುಳಿತ ಅವರಿಗೆ ಹೆಚ್ಚು ಕಷ್ಟ ಅನ್ನಿಸುತ್ತಿತ್ತು, ಅಷ್ಟೇ. ದಿನವಿಡೀ ಪರದೆಯೆದುರು ಕೂತು ಬಂದವರು ‘ಮೈಗೇನೂ ಕೆಲಸವಿರಲಿಲ್ಲ, ಆದರೂ ಓಡಲು ಆಗುತ್ತಿಲ್ಲ’ ಎಂದರೆ ಅವರನ್ನು ನಂಬಬೇಕು. ಅಂಥ ದಿನ ನನಗೆ ಸ್ಕೋರು, ಗುರಿ, ಎದುರಾಳಿ ಯಾವುದೂ ಬೇಡ. ನಡಿಗೆ ಸಾಕು. ಮನಸ್ಸಿಗೆ ಬೇಕಿರುವುದು ರಜೆ, ನಡಿಗೆ ಅದನ್ನು ಕೊಡುತ್ತದೆ.

ಕುದಿಯುವ ಮನಸ್ಸಿಗೆ ಇದೇ ನಡಿಗೆ ಕೊಟ್ಟರೆ ಅನಾಹುತ. ಚಿಂತೆಯೊಂದು ಕೊರೆಯುತ್ತಿರುವಾಗ ಒಬ್ಬನೇ ನಡೆಯಹೊರಟರೆ ಹೆಜ್ಜೆಹೆಜ್ಜೆಗೂ ಅದು ಬೆಳೆಯುತ್ತದೆ, ಹಿಂದಿರುಗುವಾಗ ಹೊರಟಾಗಿನದಕ್ಕಿಂತ ದೊಡ್ಡದಾಗಿರುತ್ತದೆ. ಬಿಡುವು ಸಿಕ್ಕ ಮನಸ್ಸು ಅಲೆಯುವುದು ತನಗೆ ನೋವಿರುವ ಕಡೆಗೇ. ಅಂಥ ದಿನ ನನಗೆ ಬೇಕಿರುವುದು ಪ್ರಶ್ನೆ ಕೇಳುವ ಶಟಲು. ‘ಒಂದು ವಾಕ್ ಹೋಗಿ ಬಾ, ಸರಿಹೋಗುತ್ತೆ’ ಎಂಬುದು ಎಲ್ಲ ನೋವಿಗೂ ಹಚ್ಚುವ ಒಂದೇ ಮುಲಾಮಾಗಿರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನ ದಿನಚರಿಯನ್ನೇ ಬದಲಿಸಿದ್ದು. ನಾವು ನಾಳೆ ಮತ್ತೆ ಹೋಗುತ್ತೇವೋ ಇಲ್ಲವೋ ಎಂಬುದರಲ್ಲಿ ಇವತ್ತಿನ ವ್ಯಾಯಾಮ ಹೇಗೆ ಮುಗಿಯಿತು ಎಂಬುದರ ಪಾಲು ದೊಡ್ಡದು. 2016ರಲ್ಲಿ ಝಕಾರಿ ಝೆಂಕೊ, ಎಕ್ಕೆಕಾಕಿಸ್ ಮತ್ತು ಡ್ಯಾನ್ ಏರಿಯಲಿ ಸೇರಿ ಮಾಡಿದ ಪ್ರಯೋಗದಲ್ಲಿ, ಕಷ್ಟದಿಂದ ಆರಂಭಿಸಿ ಕ್ರಮೇಣ ಹಗುರವಾಗಿಸುತ್ತಾ ಬಂದವರಿಗೆ ಆ ವ್ಯಾಯಾಮ ಹೆಚ್ಚು ಹಿತವಾಗಿ ನೆನಪಿನಲ್ಲಿ ಉಳಿಯಿತು, ಮುಂದಿನ ಸಲವೂ ಹಿತವಾಗಿರುತ್ತದೆ ಎಂದೂ ಅವರು ನಿರೀಕ್ಷಿಸಿದರು. ಮಾಮೂಲಿಯಾಗಿ ನಾವು ಮಾಡುವುದು ಉಲ್ಟಾ: ಕೊನೆಗೆ ಜೀವ ಹೋಗುವಂತೆ ಒಂದು ಜಿಗಿತ, ಒಂದು ಸ್ಪ್ರಿಂಟ್. ನಾನೀಗ ವಾರ್ಮ್ ಅಪ್ ಚೆನ್ನಾಗಿ ಮಾಡಿ, ಕಷ್ಟದ್ದನ್ನು ಮೊದಲರ್ಧದಲ್ಲಿ ಮುಗಿಸಿ, ಕೊನೆಯ ಭಾಗವನ್ನು ಇಷ್ಟದ್ದಕ್ಕೆ ಮೀಸಲಿಡುತ್ತೇನೆ. ಈಜಿನಲ್ಲಿ ಅದು ಗಡಿಯಾರ ನೋಡದೆ, ನಿಧಾನವಾಗಿ, ನೀರನ್ನು ಹಿಡಿಯುವುದಷ್ಟನ್ನೇ ಗಮನಿಸುವ ಲ್ಯಾಪುಗಳು.

ಮುಂದೆ

ಮಂಡಿ ಎಂದೋ ಒಂದು ದಿನ ಬ್ಯಾಡ್ಮಿಂಟನ್ ಸಾಕು ಅನ್ನುತ್ತದೆ. ಆಗ ಗಮನಕ್ಕೆ ಕೆಲಸ ಕೊಡುವುದು ಯಾವುದು ಎಂದು ಯೋಚಿಸಿ ಇತ್ತೀಚೆಗೆ ನೃತ್ಯದ ತರಗತಿ ಸೇರಿದ್ದೇನೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ಗಮನಿಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೈಹಿಕ ಚಟುವಟಿಕೆಗಳ ಪೈಕಿ ಮರೆಗುಳಿತನದ ಕಡಿಮೆ ಅಪಾಯದೊಂದಿಗೆ ತಳುಕು ಹಾಕಿಕೊಂಡಿದ್ದದ್ದು ನೃತ್ಯ ಮಾತ್ರ. ಇದೂ ಗಮನಿಸಿ ಬರೆದ ಲೆಕ್ಕವೇ. ನೆನಪಿನ ಶಕ್ತಿ ಚೆನ್ನಾಗಿರುವವರೇ ನೃತ್ಯಕ್ಕೆ ಹೋಗುತ್ತಿದ್ದಿರಬಹುದು. ನಾನು ಸೇರಿದ್ದು ಆ ಲೆಕ್ಕಕ್ಕಾಗಿ ಅಲ್ಲ. ಹೆಜ್ಜೆ ನೆನಪಿಡಬೇಕು, ತಾಳ ಕೇಳಬೇಕು, ಪಕ್ಕದವರಿಗೆ ಡಿಕ್ಕಿ ಹೊಡೆಯದೆ ತಿರುಗಬೇಕು, ಇಷ್ಟರ ನಡುವೆ ಕೈ ಏನು ಮಾಡುತ್ತಿದೆ ಎಂದೂ ನೋಡಬೇಕು. ಹಾಡು ಇಲ್ಲಿ ಮರೆಸಲು ಇಲ್ಲ, ಅದೇ ಕೆಲಸದ ಅರ್ಧ. ಮೈ ಬೆವರುತ್ತಿದೆ ಎಂಬುದು ಗಮನಕ್ಕೆ ಬರುವುದೇ ತಡವಾಗಿ. ಹೆಜ್ಜೆಗಳು ರೂಢಿಯಾದಂತೆ ಈ ತನ್ಮಯತೆ ಕರಗುತ್ತದೆಯೇ ಎಂಬ ಅಳುಕು ಇದೆ. ಕಲಿಸುವವರನ್ನು ಕೇಳಿದೆ. ರೂಢಿಯಾದದ್ದನ್ನೇ ಎದುರು ದಿಕ್ಕಿನಿಂದ ಶುರುಮಾಡಿ ಅಂದರು. ಈ ವಾರ ಅದನ್ನೇ ಮಾಡುತ್ತಿದ್ದೇವೆ. ಬಲಗಾಲಿನಿಂದ ಹೊರಡುತ್ತಿದ್ದದ್ದನ್ನು ಎಡಗಾಲಿನಿಂದ.